ನೆಲದೀಪದ ಗುಡ್ಡ

ಮಲಪ್ರಭೆಯ ಬಯಲಿನಲ್ಲಿ ಸಣ್ಣಕಲ್ಲೂರಿನಿಂದ ಪಡುವಣಕ್ಕೆ ನಡೆದರೆ ಕೆಂಪು ಕಲ್ಲಿನ ಬೋಳುಗುಡ್ಡವೊಂದು ಎದುರಾಗುತ್ತದೆ. ದೂರದಿಂದ ನೋಡಿದವರಿಗೆ ಅದರಲ್ಲಿ ವಿಶೇಷವೇನೂ ಕಾಣದು. ಅರ್ಧ ಗುಡ್ಡ ಹತ್ತಿದ ಮೇಲೆ ತಲೆ ತಗ್ಗಿಸಿ ನುಸುಳಬೇಕಾದ ಒಂದು ಗವಿ, ಗವಿಯ ಕೊನೆಯಲ್ಲಿ ಆಳೆತ್ತರದ ಅಮ್ಮನ ಮೂರ್ತಿ, ಅವಳ ಪಾದದ ಮುಂದೆ ನೆಲದಲ್ಲೇ ಕೊರೆದ ಕುಳಿಯೊಳಗೆ ಉರಿಯುವ ಎಣ್ಣೆಯ ದೀಪ. ಬೇರೆ ಗುಡಿಗಳಲ್ಲಿ ದೀಪ ತೂಗುತ್ತದೆ, ಕಂಬದ ಮೇಲೆ ಕೂರುತ್ತದೆ. ಇಲ್ಲಿ ಮಾತ್ರ ನೆಲ ಬಿಟ್ಟು ಏಳುವುದಿಲ್ಲ. ಗುಡ್ಡಕ್ಕೆ ನೆಲದೀಪದ ಗುಡ್ಡ ಎಂಬ ಹೆಸರು ಬಂದದ್ದು ಅದರಿಂದಲೇ. ಆದರೆ ಆ ದೀಪಕ್ಕಾಗಿ ಒಬ್ಬ ತಂದೆ ಏನನ್ನು ಪಣಕ್ಕಿಟ್ಟ ಎಂಬುದನ್ನು ಬಿಟ್ಟು ಬರೀ ಹೆಸರು ಹೇಳಿದರೆ ಅರ್ಧ ಹೇಳಿದಂತೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಯಾರು ಆಳುತ್ತಿದ್ದರೆಂಬುದು ಊರವರಿಗೂ ಮರೆತುಹೋದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಕೇತೋಜನೆಂಬ ಶಿಲ್ಪಿಯಿದ್ದನು ಎನ್ನುತ್ತಾರೆ. ಅವನಿಗೂ ಹೆಂಡತಿ ಜಕ್ಕವ್ವೆಗೂ ಇದ್ದವಳು ಒಬ್ಬಳೇ ಮಗಳು, ಸೋವಲೆ. ಜ್ವರ ಬಂದು ಅವಳು ತೀರಿಕೊಂಡ ವರ್ಷವೇ ಊರ ಹಿರಿಯರು ಗವಿಗೊಂದು ಮೂರ್ತಿ ಕಡೆದುಕೊಡು ಎಂದು ಕೇಳಿದರು. ಅದುವರೆಗೆ ಅಲ್ಲಿದ್ದದ್ದು ದೀಪವೊಂದೇ. ಅದನ್ನೇ ಅಮ್ಮನೆಂದು ಪೂಜಿಸುತ್ತಿದ್ದರು. ಕೇತೋಜ ಮನೆಯ ಅಂಗಳದಲ್ಲಿ ಕಲ್ಲು ನಿಲ್ಲಿಸಿ, ನೆತ್ತಿ ಸುಡುವ ಬಿಸಿಲಿನಲ್ಲಿ ಉಳಿ ಹಿಡಿದನು. ಅಮ್ಮನ ಮುಖ ಕಡೆಯುವಾಗ ಅವನ ಕೈಗೆ ಬೇರೆ ಮುಖವೇ ಬರಲಿಲ್ಲ. ನಗುವಾಗ ಸೋವಲೆಯ ಎಡಗೆನ್ನೆ ಬಲಗೆನ್ನೆಗಿಂತ ಮೊದಲು ಏಳುತ್ತಿತ್ತು. ಕಲ್ಲಿನಲ್ಲೂ ಎಡಗೆನ್ನೆ ಒಂದಿಷ್ಟು ಮೇಲೆಯೇ ನಿಂತಿತು. ಜಕ್ಕವ್ವೆ ನೀರು ತರುವ ನೆಪ ಮಾಡಿಕೊಂಡು ಬಂದು ಬಂದು ನೋಡುವಳು. ಮಗಳು ಹೋದ ಮೇಲೆ ಆ ಮನೆಯ ಒಲೆ ಹೊತ್ತಿಗೆ ಸರಿಯಾಗಿ ಉರಿದದ್ದು ಆ ದಿನಗಳಲ್ಲೇ.

ಮೂರ್ತಿಯನ್ನು ಗವಿಯೊಳಗೆ ನಿಲ್ಲಿಸಿದ ದಿನ ಊರಿಗೆ ಊರೇ ಗುಡ್ಡ ಹತ್ತಿತು. ಮುಂದಿದ್ದ ಕೂಸೊಂದು ಕಿಟಾರನೆ ಚೀರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿತು. ಅಂಗಳದ ಬಿಸಿಲು ಮೇಲಿನಿಂದ ಬಿದ್ದು ಎಲ್ಲಿ ನಗು ತೋರಿಸಿತ್ತೋ ಅಲ್ಲಿ ಪಾದದ ದೀಪ ಕೆಳಗಿನಿಂದ ಬೆಳಕು ಚೆಲ್ಲಿ ಹಲ್ಲು ಕಚ್ಚಿದ ಸಿಟ್ಟನ್ನು ತೋರಿಸುತ್ತಿತ್ತು. ಕೆನ್ನೆಯ ನೆರಳು ಮೇಲೇರಿ ಕಣ್ಣುಗಳನ್ನೇ ನುಂಗಿತ್ತು. ಅಷ್ಟು ಆಸೆಯಿಂದ ಕಡೆದ ಕೇತೋಜ ಒಮ್ಮೆಯೂ ಗವಿಗೆ ಬಂದು, ಅಮ್ಮ ನಿಲ್ಲುವ ಜಾಗದ ಬೆಳಕು ಹೇಗಿದೆಯೆಂದು ನೋಡಿರಲಿಲ್ಲ.

"ಯವ್ವಾ, ದೀಪಾನ ಮ್ಯಾಲೆ ತೂಗಬಿಡು, ಅಷ್ಟ ಸಾಕು" ಎಂದು ಅವನು ಪೂಜೆಯ ಮುದುಕಿ ಮಾಳವ್ವೆಗೆ ಕೈಮುಗಿದನು. ಅವಳು ಸಿಟ್ಟಾಗಲಿಲ್ಲ. "ಇಲ್ಲೋ ತಮ್ಮಾ. ನಮ್ಮ ಮುತ್ತಜ್ಜಿ ಹಚ್ಚಿದಾಗಿಂದ ದೀಪ ಇದ್ದಲ್ಲೇ ಐತಿ. ನಿನ್ನ ಮೂರ್ತಿ ಇವತ್ತು ಬಂದೈತಿ. ಬಂದಾಕಿ ಇದ್ದಾಕಿಗೆ ಹೊಂದಿಕೊಳ್ಳಲಿ" ಎಂದಳು.

ಊರವರು ಇಳಿದುಹೋದ ಮೇಲೂ ಕೇತೋಜ ಅಲ್ಲೇ ಕೂತನು. ಈ ಬೆಳಕಿನಲ್ಲಿ ನಗು ಬರಬೇಕಾದರೆ ಏರಿದ ಕೆನ್ನೆಯನ್ನು ಇಳಿಸಬೇಕು, ತುಟಿಯ ಅಂಚನ್ನು ಕೆಳಕ್ಕೆ ಎಳೆಯಬೇಕು. ಹಾಗೆ ಮಾಡಿದರೆ ಅಂಗಳದಲ್ಲಿ ಕಂಡ ಸೋವಲೆ ಹೋದಳೆಂದೇ ಅರ್ಥ. ಕೆತ್ತಿ ತೆಗೆದ ಕಲ್ಲು ಮತ್ತೆ ಅಂಟುವುದಿಲ್ಲ. ಹೊಸ ನಗು ಬಂದೇ ಬರುತ್ತದೆಂಬ ಭರವಸೆಯೂ ಇಲ್ಲ. ಬುತ್ತಿ ತಂದ ಜಕ್ಕವ್ವೆಗೆ ಅವನು, "ನನ್ನ ಕೈಲಿ ಆಗಂಗಿಲ್ಲ. ಈಕಿನ್ನ ಮನಿಗೆ ಒಯ್ಯೋಣು, ಊರಿಗೆ ಬ್ಯಾರೆ ಕಡದು ಕೊಡ್ತೀನಿ" ಎಂದನು. ಜಕ್ಕವ್ವೆ ಬುತ್ತಿಯ ಗಂಟನ್ನು ಕೆಳಗಿಟ್ಟು ಮೂರ್ತಿಯ ಮುಖ ನೋಡಿದಳು. ಆಮೇಲೆ, "ಮನ್ಯಾಗ ಇಟ್ಕೊಂಡರ ನಾವಿಬ್ಬರೂ ನೋಡಿ ಅಳೋದು, ಅಷ್ಟ. ನನ್ನ ಮಗಳನ್ನ ನೋಡಿ ಯಾರ ಕೂಸೂ ಅತ್ತಿದ್ದಿಲ್ಲ. ಇಲ್ಲೇ ಕಡೀರಿ. ನಾ ಕೂತು ನೋಡ್ತೀನಿ, ನಗು ಬಂದಾಗ ಹೇಳ್ತೀನಿ" ಎಂದು ದೀಪದ ಪಕ್ಕ ನೆಲದ ಮೇಲೆ ಕೂತಳು.

ಅವನು ಕಡೆದನು. ಮೊದಲ ಪೆಟ್ಟಿಗೆ ಎಡಗೆನ್ನೆಯ ಉಬ್ಬು ಚಕ್ಕೆಯಾಗಿ ಬಿದ್ದಾಗ ಇಬ್ಬರೂ ಕಣ್ಣು ಮುಚ್ಚಿಕೊಂಡರಂತೆ. ದಿನವೂ ಅವನು "ಬಂತೇನು?" ಎಂದು ಕೇಳುವನು, ಅವಳು "ಇನ್ನೂ ಇಲ್ಲ" ಎನ್ನುವಳು. ಒಂದು ಬೆಳಗ್ಗೆ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಕೇತೋಜ ಹಿಂತಿರುಗಿ ನೋಡಿದರೆ ಅವಳ ಮುಖ ಕಣ್ಣೀರಿನಲ್ಲಿ ತೊಯ್ದಿತ್ತು. ಅವನೂ ಉಳಿ ಕೆಳಗಿಟ್ಟು ಅವಳ ಪಕ್ಕ ಕೂತು ತಲೆಯೆತ್ತಿದನು. ಗವಿಯ ಬಾಯಿಂದ ಗಾಳಿ ಬಂದು ದೀಪದ ಕುಡಿ ಸ್ವಲ್ಪ ವಾಲಿತು. ವಾಲಿದೊಡನೆ ಅಮ್ಮನ ಎಡಗೆನ್ನೆ ಎದ್ದಿತು, ಅದರ ಹಿಂದೆಯೇ ಬಲಗೆನ್ನೆ. ಬಿಸಿಲಿನಲ್ಲಿ ಅಲುಗದೆ ನಿಂತಿದ್ದ ನಗು ಇಲ್ಲಿ ಸೋವಲೆಗೆ ಬರುತ್ತಿದ್ದ ಹಾಗೆಯೇ ಬಂದು ಹೋಯಿತು, ಮತ್ತೆ ಬಂತು.

ಈಗಲೂ ಬರುವವರು ಅವಸರದಲ್ಲಿ ಮೊಬೈಲಿನ ಬೆಳಕು ಹಾಯಿಸಿ ನೋಡಿ, ಸೊಟ್ಟ ಮುಖ, ಅಳುವ ತುಟಿ, ಕಡೆದವನಿಗೆ ಕೈ ಪಳಗಿರಲಿಲ್ಲ ಎಂದು ಹೇಳಿ ಇಳಿದುಹೋಗುತ್ತಾರೆ. ಹೋಗಲಿ, ಗುಡ್ಡಕ್ಕೇನೂ ನಷ್ಟವಿಲ್ಲ. ಮೊಬೈಲಿನ ಬೆಳಕು ಆರಿಸಿ, ದೀಪದ ಪಕ್ಕ ನುಣುಪಾಗಿ ಸವೆದ ನೆಲದ ಮೇಲೆ ಗಾಳಿ ಬರುವವರೆಗೆ ಕೂತವರು ನಗು ನೋಡಿಯೇ ಏಳುತ್ತಾರೆ. ಸುತ್ತಲ ಹಳ್ಳಿಗಳ ಎಲ್ಲ ಗುಡಿಗಳಲ್ಲೂ ಅಮ್ಮನನ್ನು ತಾಯೀ ಎಂದೇ ಕರೆಯುವ ಜನ ಇಲ್ಲಿಂದ ಹೊರಡುವಾಗ ಮಾತ್ರ ಮೂರ್ತಿಯ ಕಡೆ ತಿರುಗಿ, "ಹೋಗಿ ಬರ್ತೀವಿ, ಮಗಳ" ಎನ್ನುತ್ತಾರೆ.