ಸುತ್ತಿಗೆ ಹೊಡೆದ ತಗ್ಗು

ಬಂದೂಕು ಹೊಸದಾಗಿದ್ದ ಕಾಲ. ಜರ್ಮನಿಯ ಒಂದೂರಲ್ಲಿ ಯೋರ್ಗ್ ಅಂತ ಒಬ್ಬ ಕಮ್ಮಾರ. ಎದೆಗೆ ಕಟ್ಟುವ ಕವಚ ಮಾಡುತ್ತಿದ್ದ. ಮಾಡಿದ ಕವಚಕ್ಕೆ ಒಂದು ಗುಂಡು ಹೊಡೆದು ನೋಡುವುದು ಅಲ್ಲಿನ ಪದ್ಧತಿ. ತೂತು ಬೀಳದೆ ಬರೀ ತಗ್ಗು ಬಿದ್ದರೆ ಕವಚ ಗಟ್ಟಿ. ಆ ತಗ್ಗನ್ನು ನೋಡಿಯೇ ಸಿಪಾಯಿಗಳು ನಂಬುತ್ತಿದ್ದರು.

ಒಂದು ದಿನ ಸಿಪಾಯಿಗಳ ಸರದಾರ ಬಂದು ಹೇಳಿದ: "ಸಿಪಾಯಿಗಳಿಗೆ ಇನ್ನೂರು ತೆಳು ಕವಚ ಮಾಡು. ತಗ್ಗನ್ನು ಸುತ್ತಿಗೆಯಲ್ಲೇ ಹೊಡಿ. ನನಗೊಂದು ದಪ್ಪನೆಯದು. ನೋಡೋಕೆ ಎಲ್ಲ ಒಂದೇ ಥರ ಇರಲಿ, ಯಾರಿಗೂ ಅನುಮಾನ ಬರಬಾರದು. ಆಗಲ್ಲ ಅಂದರೆ ನೇಣು."

ಹೋದ ವರ್ಷ ಅಂಥದೇ ತಗ್ಗನ್ನು ನಂಬಿ ಯೋರ್ಗನ ತಮ್ಮ ಸತ್ತಿದ್ದ. "ಆಗಲಿ ಧಣಿ," ಅಂದ ಯೋರ್ಗ್.

ಯುದ್ಧಕ್ಕೆ ಹೊರಡುವ ದಿನ, ಸಾಲಾಗಿ ನಿಂತ ಸಿಪಾಯಿಗಳ ಮುಂದೆ ಯೋರ್ಗ್ ಎಲ್ಲ ಕವಚಗಳನ್ನೂ ಒಂದೇ ರಾಶಿ ಹಾಕಿದ.

"ನನ್ನದೆಲ್ಲೋ?" ಸರದಾರ ಪಿಸುಗುಟ್ಟಿದ.

"ಎಲ್ಲದಕ್ಕೂ ತಗ್ಗಿದೆಯಲ್ಲ ಧಣಿ, ಯಾವುದಾದರೇನು?" ಯೋರ್ಗ್ ಎಲ್ಲರಿಗೂ ಕೇಳುವ ಹಾಗೆ ಅಂದ.

ಸರದಾರ ಒಂದನ್ನು ಎತ್ತಿ ನೋಡಿದ. ಹಗುರ. ಎಸೆದ. ಇನ್ನೊಂದನ್ನು ಎತ್ತಿದ, ಎಸೆದ. ಬೆವರು ಸುರಿಸುತ್ತಾ ನೂರಕ್ಕೂ ಹೆಚ್ಚು ಎಸೆದ ಮೇಲೆ ಭಾರದ್ದು ಸಿಕ್ಕಿತು. ಅದನ್ನು ಅಪ್ಪಿಕೊಂಡು ತಿರುಗಿದ.

ಇನ್ನೂರು ಜನ ಅವನನ್ನೇ ನೋಡುತ್ತಿದ್ದರು.

"ಕಟ್ಕೊಳ್ಳಿ ಧಣಿ," ಅಂದ ಒಬ್ಬ ಹಳೇ ಸಿಪಾಯಿ. "ಇವತ್ತು ನೀವು ಮುಂದೆ. ನಾವು ಬಂದೂಕು ಹಿಡ್ಕೊಂಡು ನಿಮ್ಮ ಹಿಂದೆ."

ಆ ಕವಚಕ್ಕೆ ಬೆನ್ನಿರಲಿಲ್ಲ.