ಪರದೆಯ ತೂತು

"ಅಜ್ಜಾರ, ಬಂದವರೆಲ್ಲಾ ಚಲೋ ಆತು ಅಂತಾರ. ಹಂಗಾರ ಬಾರದವರು ಯಾಕ ಬರವಲ್ರು?"

ಹೀಗೆ ಕೇಳಿದವನು ಚರಂತಯ್ಯ. ಚಿಕ್ಕಂದಿನಿಂದ ಮಠದಲ್ಲೇ ಓದಿ ಬೆಳೆದ ಶಿಷ್ಯ. ಆ ವರ್ಷದ ಶ್ರಾವಣದಲ್ಲಿ ಸಂಜೆಯ ಪ್ರವಚನ ಹೇಳುವ ಕೆಲಸವನ್ನು ಹಿರಿಯ ಅಜ್ಜನವರು ಮೊದಲ ಸಲ ಅವನಿಗೆ ಒಪ್ಪಿಸಿದ್ದರು. ಅವನೇನು ಸುಮ್ಮನೆ ಕೂತವನಲ್ಲ. ಪ್ರವಚನ ಮುಗಿದ ಕೂಡಲೇ ಬಾಗಿಲಲ್ಲಿ ನಿಂತು, ಹೊರಡುವವರನ್ನೆಲ್ಲ ಕೇಳುತ್ತಿದ್ದ. ದನಿ ಸಣ್ಣದಾಯಿತು ಎಂದರೆ ಮರುದಿನ ದನಿ ಏರಿಸುತ್ತಿದ್ದ. ಶ್ಲೋಕ ಹೆಚ್ಚಾಯಿತು ಎಂದರೆ ಶ್ಲೋಕ ಕಡಿಮೆ ಮಾಡುತ್ತಿದ್ದ. ಮುಂದಿನ ಸಾಲಿನ ಹಿರಿಯರೊಬ್ಬರು ದಾಸೋಹದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತದೆ ಎಂದಾಗ, ನಡುವಿನ ಬಾಗಿಲನ್ನೇ ಹಾಕಿಸಿದ. ಆದರೂ ಹಾಸಿದ ಜಮಖಾನೆಯಲ್ಲಿ ಅರ್ಧ ಖಾಲಿಯೇ ಉಳಿಯುತ್ತಿತ್ತು. ತನ್ನ ಮಾತಿನಲ್ಲೇ ಸತ್ವವಿಲ್ಲವೇನೋ ಎಂಬ ಅಂಜಿಕೆ ಅವನನ್ನು ಹಿಡಿಯಿತು. ಪ್ರವಚನ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಲಿಕ್ಕೇ ಆ ಸಂಜೆ ಬೇಗ ಬಂದಿದ್ದ; ಬಾಯಿಂದ ಬಂದದ್ದು ಮಾತ್ರ ಈ ಪ್ರಶ್ನೆ.

ಅಜ್ಜನವರಿಗೆ ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟು ಅಭ್ಯಾಸವಿಲ್ಲ.

"ಕೂಡ್ರು. ಇನ್ನೂ ಹೊತ್ತೈತಿ. ಒಂದು ಕತಿ ಕೇಳು" ಎಂದು ಶುರು ಮಾಡಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಅವನಿಗೊಬ್ಬ ಹೆಂಡತಿ. ಅವನು ಪರದೆಯ ಹಿಂದೆ ಗೊಂಬೆ ಆಡಿಸಿದರೆ, ಅವಳು ಪಕ್ಕದಲ್ಲಿ ಕೂತು ಹಾಡುತ್ತಿದ್ದಳು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಹೊಳೆಯ ದಂಡೆಯ ಒಂದು ಊರಿಗೆ ಬರುತ್ತಿದ್ದರು. ಚಾವಡಿಯ ಮುಂದಿನ ಬಯಲಲ್ಲಿ ಪರದೆ ಕಟ್ಟುತ್ತಿದ್ದರು. ಅಲ್ಲೇ ಯಾಕೆ ಎಂದರೆ, ಅವನ ಅಪ್ಪ ಅಲ್ಲೇ ಕಟ್ಟುತ್ತಿದ್ದ.

ಅವರ ಪರದೆಯಲ್ಲಿ ಜೋಳದ ಕಾಳಿನಷ್ಟು ಒಂದು ತೂತಿತ್ತು. ಹರಿದು ಆದದ್ದಲ್ಲ, ಅವನ ಅಜ್ಜ ಬೇಕೆಂದೇ ಮಾಡಿದ್ದು. ಆಟ ಶುರುವಾಗುವ ಮುಂಚೆ ಆಡಿಸುವವನು ಆ ತೂತಿಗೆ ಕಣ್ಣು ಹಚ್ಚಿ ಎದುರು ಕೂತವರನ್ನು ನೋಡಬೇಕು. ಮಕ್ಕಳು ಹೆಚ್ಚು ಕಂಡರೆ ನಗಿಸುವ ಗೊಂಬೆಯನ್ನು ಬೇಗ ತರಬೇಕು, ಮುದುಕರು ಹೆಚ್ಚು ಕಂಡರೆ ದೇವರನ್ನು ಬೇಗ ತರಬೇಕು. ಇದು ಆ ಮನೆತನದ ಪದ್ಧತಿ. ಕೆಟ್ಟ ಪದ್ಧತಿಯೇನಲ್ಲ. ಎದುರಿಗೆ ಯಾರಿದ್ದಾರೆಂದು ನೋಡದೆ ಆಡುವವರ ಸಂತೆಯೇ ಇದೆ ಲೋಕದಲ್ಲಿ. ನೋಡಿ ಆಡುವವನು ಅವರಿಗಿಂತ ಮೇಲು.

ಇವನು ಅಜ್ಜನಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಆಟ ಮುಗಿದ ಮೇಲೆ ಎಲೆ ಅಡಿಕೆಯ ತಟ್ಟೆ ಹಿಡಿದು ದಾರಿಯಲ್ಲಿ ನಿಂತು ಕೇಳತೊಡಗಿದ. "ಆಟ ಹೆಂಗಾತ್ರಿ?" ಎಲ್ಲರೂ ಚಲೋ ಆತು ಎಂದರು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡವನು ಕೆಟ್ಟದ್ದು ಹೇಳುತ್ತಾನೆಯೇ, ಚರಂತಯ್ಯ? ಆದರೂ ಒತ್ತಾಯ ಮಾಡಿದಾಗ ಒಬ್ಬಿಬ್ಬರು, "ಹಾಡು ಬಾಳ ಉದ್ದ. ಕಾಳಗ ಇನ್ನಷ್ಟು ಇರಲಿ" ಎಂದರು.

ಅವನು ಮರುವರ್ಷ ಒಂದು ಹಾಡು ತೆಗೆದು ಒಂದು ಕಾಳಗ ಸೇರಿಸಿದ. ಮುಂದೆ ಕೂತವರು ಶಿಳ್ಳೆ ಹೊಡೆದರು. ಅದರ ಮರುವರ್ಷ ಮತ್ತೊಂದು ಹಾಡು ಹೋಯಿತು. ಕಾಡಿನಲ್ಲಿ ಒಂಟಿಯಾದ ರಾಣಿ ತನ್ನ ಕೂಸನ್ನು ಮಲಗಿಸುತ್ತ ಹಾಡುವ ಹಾಡೊಂದಿತ್ತು. ಹೆಂಡತಿ ಅದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಕೊನೆಗೆ ಅದೂ ಹೋಯಿತು. ಅವಳು ತಾಳ ಹಿಡಿದು ಕೂತು, ಕಾಳಗಕ್ಕೆ ತಕ್ಕಂತೆ ಬಡಿದಳು.

ಬಂದವರು ಸಂತೋಷಪಟ್ಟರು. ಆದರೆ ಬಂದವರೇ ಬಂದರು. ಅವರಲ್ಲೂ ಕೆಲವರು ಮುದುಕರಾದರು, ಕೆಲವರು ಸತ್ತರು. ಒಂದು ವರ್ಷ ತೂತಿಗೆ ಕಣ್ಣು ಹಚ್ಚಿದಾಗ ಮನುಷ್ಯರಿಗಿಂತ ಚಾಪೆಯೇ ಹೆಚ್ಚು ಕಂಡಿತು. ಆ ಆಟ ಮುಗಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು.

"ಇವನ್ನ ಹೊಳಿಗೆ ಬಿಟ್ಟುಬಿಡೂಣು. ಹಾಡು ಹೋದ ಮ್ಯಾಲೆ ನನಗಂತೂ ಇವು ಬರೇ ತೊಗಲು ಕಾಣಸ್ತಾವು."

ಹರಿದು ಆಡಿಸಲಾಗದ ಗೊಂಬೆಯನ್ನು ಪೂಜೆ ಮಾಡಿ ನೀರಿಗೆ ಬಿಡುವುದು ಅವರ ರೂಢಿ. ಗಟ್ಟಿಯಾಗಿರುವ ಗೊಂಬೆಯನ್ನು ಅವರ ಕುಲದಲ್ಲಿ ಯಾರೂ ಬಿಟ್ಟಿರಲಿಲ್ಲ. ಹೆಂಡತಿಗೆ ಅದು ಗೊತ್ತಿದ್ದೂ ಹೇಳಿದ್ದಳು. ಗಂಡ ಬೇಡ ಎನ್ನಲಿಲ್ಲ, ಅವನಿಗೂ ಸಾಕಾಗಿತ್ತು. ಬೆಳಗಾದ ಮೇಲೆ ಇಬ್ಬರೂ ಗೊಂಬೆಯ ಪೆಟ್ಟಿಗೆ ಹೊತ್ತು ಹೊಳೆಗೆ ಇಳಿದರು.

ದಂಡೆಯಲ್ಲಿ ಒಬ್ಬ ಅಂಬಿಗ ಹರಿಗೋಲನ್ನು ಬೋರಲು ಹಾಕಿ ಅದರ ತೊಗಲಿಗೆ ಎಣ್ಣೆ ಬಳಿಯುತ್ತಿದ್ದ. ನಡುಹೊಳೆಗೆ ಕರೆದುಕೊಂಡು ಹೋಗು ಎಂದರು. ಪೆಟ್ಟಿಗೆಯಲ್ಲಿ ಏನಿದೆ ಎಂದು ಅವನು ಕೇಳಿದ. ಗೊಂಬೆ, ನೀರಿಗೆ ಬಿಡಲಿಕ್ಕೆ, ಎಂದರು. ಅಂಬಿಗ ಕೈಯೊರೆಸಿಕೊಂಡು ಎದ್ದು ನಿಂತ.

"ಬಿಡೂ ಮುಂಚೆ ಒಮ್ಮೆ ನೋಡಬಹುದೇನ್ರಿ?"

ಗೊಂಬೆಯವನಿಗೆ ಆಶ್ಚರ್ಯವಾಯಿತು. "ನಮ್ಮಪ್ಪನ ಕಾಲದಿಂದ ನಿಮ್ಮೂರಿಗೆ ಬರ್ತೀವಿ. ನೀ ಒಮ್ಮೆಯೂ ನೋಡಿಲ್ಲೇನು?"

"ಹೆಂಗ ನೋಡ್ಲಿರಿ? ನಿಮ್ಮ ಆಟಕ್ಕ ಆಚಿ ದಂಡಿ ಮಂದಿನ್ನ ದಾಟಿಸಾಂವ ನಾನ. ಆಟ ಮುಗಿದ ಮ್ಯಾಲೆ ಹೊಳ್ಳಿ ಆ ದಂಡಿ ಮುಟ್ಟಸಾಂವನೂ ನಾನ. ನಡುವ ಒಬ್ಬಾಂವ ಎದ್ದು ಬಂದ್ರೂ ನಾ ಇಲ್ಲಿರಬೇಕಲ್ರಿ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಹೊಳೆ ಇರುವುದು ಹೀಗೆ, ನಾನಿರುವುದು ಹೀಗೆ ಎನ್ನುವಂತೆ ಹೇಳಿದ.

ಹತ್ತಿರದ ಗುಡಿಸಲ ಬಾಗಿಲಲ್ಲಿ ಅವನ ಹೆಂಡತಿ ಬಲೆ ಹೆಣೆಯುತ್ತ ಕೂತಿದ್ದಳು. ಚಿಕ್ಕವಳಿದ್ದಾಗ ಜ್ವರ ಬಂದು ಅವಳ ಕಾಲುಗಳು ಸೋತಿದ್ದವು. ಚಾವಡಿ ಅವಳಿಗೆ ಪರದೇಶ. ಅವಳು ಅಲ್ಲಿಂದಲೇ ಹೇಳಿದಳು.

"ನೋಡಿಲ್ಲ ಖರೆ. ಆದ್ರ ಕೇಳೀವಿ. ಗಾಳಿ ಈ ಕಡೆ ಬೀಸಿದಾಗ ಹಾಡು ಇಲ್ಲಿತನಾ ಬರ್ತಿತ್ತು."

ಹೀಗೆಂದು ಅವಳು ರಾಣಿಯ ಹಾಡನ್ನು ಹಾಡಿದಳು. ಒಂದು ನುಡಿಯೂ ಬಿಡದೆ ಹಾಡಿದಳು. ಮುಗಿಸಿ, ಮತ್ತೆ ಬಲೆಗೆ ಕೈ ಹಾಕುತ್ತ ಅಂದಳು:

"ಈಗೀಗ ಬರೇ ಹೊಡದಾಟದ ಸಪ್ಪಳ ಬರತೈತಿ. ಹಾಡೂ ಅಕ್ಕ ತೀರಿಕೊಂಡಳೇನೋ ಅಂತ ನಾ ಬಾಳ ಸಂಕಟಪಟ್ಟೆ."

ಗೊಂಬೆಯವನ ಹೆಂಡತಿ ಪೆಟ್ಟಿಗೆಯನ್ನು ಮರಳಿನ ಮೇಲೆ ಇಳಿಸಿದಳು. "ತೀರಿಕೊಂಡಿಲ್ಲವ್ವ. ಇಲ್ಲೇ ಅದೀನಿ" ಎಂದಳು. ಹೋಗಿ ಅವಳ ಪಕ್ಕದಲ್ಲಿ ಕೂತು ಅತ್ತಳು.

ಗೊಂಬೆಯವನು ನಿಂತಲ್ಲೇ ನಿಂತ. ಚಾವಡಿಯ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಂಡವರ ಮಾತು ಕೇಳಿ ಅವನು ಹಾಡು ತೆಗೆದಿದ್ದ. ಬರಲಾಗದವರಿಗೆ ದಕ್ಕುತ್ತಿದ್ದದ್ದು ಆ ಹಾಡೊಂದೇ. ತೂತಿನಲ್ಲಿ ಕಂಡಷ್ಟನ್ನೇ ಊರು ಅಂದುಕೊಂಡಿದ್ದ. ಅವನಿಗೆ ನಾಚಿಕೆಯಾಯಿತು, ಹಿಂದೆಯೇ ಒಂದು ಹಿಗ್ಗೂ ಬಂತು. ತನ್ನ ಆಟ ಸತ್ತಿದೆ ಎಂದು ನೀರಿಗೆ ಬಿಡಲು ಹೊರಟವನಿಗೆ, ಅದು ಇನ್ನೊಬ್ಬರ ಮನೆಯಲ್ಲಿ ಬದುಕಿರುವುದು ಕಂಡಿತ್ತು.

ಅವನು ಆ ಹೆಣ್ಣುಮಗಳನ್ನು ಒಂದೇ ಮಾತು ಕೇಳಿದ. "ಪರದಿ ಎಲ್ಲಿ ಕಟ್ಟಿದ್ರ ನಿನಗ ಕಾಣಸ್ತದವಾ?"

ಅವಳು ಬಲೆ ಹೆಣೆಯುವ ಕಡ್ಡಿಯಿಂದ ತನ್ನ ಗುಡಿಸಲ ಮುಂದಿನ ಮರಳನ್ನು ತೋರಿಸಿದಳು.

ಊರಿಗೆ ಸುದ್ದಿ ಹೋಯಿತು. ಊರ ಗೌಡ ಸಿಟ್ಟಾದ. "ನಾವು ಮರಳಾಗ ಕೂಡಬೇಕೇನು?" ಎಂದ. "ಒಂದ ಸಲ ಕೂಡ್ರಿ ಗೌಡ್ರ, ಚಾಪಿ ನಾ ಹಾಸ್ತೀನಿ" ಎಂದು ಗೊಂಬೆಯವನು ಕೈಮುಗಿದ. ಗೌಡ ಬಂದ, ಬರದೆ ಮನೆಯಲ್ಲಿದ್ದರೆ ಊರು ಏನಂದೀತು ಎಂದು ಬಂದ. ಮೊದಲ ದಿನದ ಆಟ ಕೆಟ್ಟಿತು. ಹೊಳೆಯ ಗಾಳಿ ಪರದೆಯನ್ನು ಎತ್ತಿ ಒಗೆಯಿತು, ದೀಪ ಆರಿತು, ಯುದ್ಧಕ್ಕೆ ಹೊರಟ ರಾಜ ಕತ್ತಲಲ್ಲಿ ಉಳಿದ. ಚಾವಡಿಯೇ ಚಲೋ ಇತ್ತು ಎಂದು ಗೌಡ ಎಲ್ಲರಿಗೂ ಕೇಳುವಂತೆ ಹೇಳಿದ. ಒಳ್ಳೆಯ ಕೆಲಸಕ್ಕೆ ಗಾಳಿಯೂ ದಾರಿ ಬಿಡುತ್ತದೆ ಎಂದು ನೀನು ಪ್ರವಚನದಲ್ಲಿ ಹೇಳುತ್ತಿರಬಹುದು, ಚರಂತಯ್ಯ. ಬಿಡುವುದಿಲ್ಲ.

ಮರುದಿನ ಅಂಬಿಗ ದಂಡೆಯಲ್ಲಿದ್ದ ಹರಿಗೋಲುಗಳನ್ನೆಲ್ಲ ಉರುಳಿಸಿಕೊಂಡು ಬಂದು, ಪರದೆಯ ಅಕ್ಕಪಕ್ಕ ಎತ್ತಿ ನಿಲ್ಲಿಸಿ, ಗೂಟ ಹೊಡೆದು ಕಟ್ಟಿದ. ಗಾಳಿ ಹೊರಗೇ ನಿಂತಿತು. ಅವನದೊಂದು ಹರಿಗೋಲು ಮಾತ್ರ ನೀರಿನಲ್ಲಿತ್ತು. ಯಾರಾದರೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅಂಬಿಗ ಹೆಂಡತಿಯ ಪಕ್ಕ ಕೂತ. ಊರ ಹೊರಗಿನ ಕೇರಿಯವರು ಬಂದರು. ಚಾವಡಿಯ ಮುಂದೆ ಅವರು ಕೂಡುವಂತಿರಲಿಲ್ಲ. ಹೊಳೆಯ ಮರಳಿನಲ್ಲಿ ಏಳು ಎನ್ನುವವರು ಯಾರೂ ಇರಲಿಲ್ಲ. ಕಣ್ಣು ಕಾಣದ ಒಬ್ಬ ಮುದುಕನೂ ಮೊಮ್ಮಗಳ ಕೈ ಹಿಡಿದು ಬಂದ. ದೀಪ ಹಚ್ಚುವ ಮುಂಚೆ ಗೊಂಬೆಯವನ ಹೆಂಡತಿ ಅವನ ಕೈಗೆ ಒಂದೊಂದೇ ಗೊಂಬೆ ಕೊಟ್ಟಳು. ಅವನು ತೊಗಲಿನ ಮೇಲೆ ಕೊರೆದ ಸಣ್ಣ ಸಣ್ಣ ರಂಧ್ರಗಳ ಮೇಲೆ ಬೆರಳಾಡಿಸಿ, "ಇದು ಸೀರಿ ಅಂಚು. ಈಕಿ ರಾಣಿ" ಎಂದ.

ಗೊಂಬೆಯವನು ರೂಢಿಯಂತೆ ತೂತಿಗೆ ಕಣ್ಣು ಹಚ್ಚಿದ. ಕಂಡದ್ದು ಗೌಡ, ಅವನ ಪಕ್ಕದವರು, ಹಳೆಯ ಮುಖಗಳೇ. ಅವನು ಕಣ್ಣು ತೆಗೆದ. ಪರದೆಯನ್ನು ಬಳಸಿ ಹೊರಗೆ ಬಂದು ನಿಂತ. ಅವನ ಮನೆತನದಲ್ಲಿ ಆಟದ ಮುಂಚೆ ಹಾಗೆ ಹೊರಗೆ ಬಂದವರಿರಲಿಲ್ಲ. ಹರಿಗೋಲಿಗೆ ಬೆನ್ನು ಕೊಟ್ಟು ಕೂತ ಅಂಬಿಗನ ಹೆಂಡತಿ ಕಂಡಳು. ಅಂಚಿನಲ್ಲಿ ಕೂಸು ಎತ್ತಿಕೊಂಡು ನಿಂತ ತಾಯಂದಿರು ಕಂಡರು. ಕೂಸು ಅತ್ತರೆ ಜನ ಬೈಯುತ್ತಾರೆಂದು ಅವರು ಇಷ್ಟು ವರ್ಷ ಬಂದಿರಲಿಲ್ಲ. ಅವನು ಒಳಗೆ ಹೋಗಿ ಹೆಂಡತಿಗೆ, "ರಾಣಿ ಹಾಡಿನಿಂದ ಶುರು ಮಾಡು" ಎಂದ.

ಅವಳು ಹಾಡಿದಳು. ಎರಡನೆಯ ನುಡಿಗೆ ಪರದೆಯ ಮುಂದಿನಿಂದ ಇನ್ನೊಂದು ದನಿ ಸೇರಿತು. ಅಂಬಿಗನ ಹೆಂಡತಿ ಹಾಡುತ್ತಿದ್ದಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ, ಗೌಡನೂ ಅನ್ನಲಿಲ್ಲ. ಕಾಳಗ ಬಂದಾಗ ಶಿಳ್ಳೆಯೂ ಬಿತ್ತು. ಒಬ್ಬರನ್ನು ಕೂರಿಸಲು ಇನ್ನೊಬ್ಬರನ್ನು ಎಬ್ಬಿಸಬೇಕಾಗಲಿಲ್ಲ.

ಮರುದಿನ ಗೊಂಬೆಯವನು ಪರದೆಯ ತೂತಿಗೆ ತೇಪೆ ಹಾಕು ಎಂದ. ಹೆಂಡತಿ ಸೂಜಿ ಹಿಡಿದು ಅನುಮಾನಿಸಿದಳು. ಹಿರಿಯರು ಮಾಡಿಟ್ಟದ್ದು ಎಂದಳು. ಅವನು, "ಅದು ಇದ್ರ ನಾ ಮತ್ತ ಅದಕ್ಕ ಕಣ್ಣ ಹಚ್ಚತೀನಿ" ಎಂದ. ಅವಳು ಹೊಲಿದಳು.

ಅಂದಿನಿಂದ ಯಾವ ಊರಿಗೆ ಹೋದರೂ ಅವನು ಹಗಲಿನಲ್ಲೇ ಊರೆಲ್ಲ ಸುತ್ತುತ್ತಿದ್ದ. ಆಟಕ್ಕೆ ಬಂದವರ ಮನೆಗಲ್ಲ, ಬಾರದವರ ಮನೆಗೆ. ಆಟ ಹೇಗಾಯಿತು ಎಂದು ಕೇಳುತ್ತಿರಲಿಲ್ಲ, ಬರಲಿಕ್ಕೆ ಏನು ಅಡ್ಡ ಎಂದು ಕೇಳುತ್ತಿದ್ದ. ಕೆಲವು ಅಡ್ಡಿಗೆ ಅವನ ಬಳಿ ಮದ್ದಿತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದಿದ್ದರೂ ಕೇಳುತ್ತಿದ್ದ. ತಮ್ಮನ್ನೂ ಒಬ್ಬ ಕೇಳಿದ ಎಂಬುದಕ್ಕೇ ಕೆಲವರು ಬಂದರು. ಗೊಂಬೆಯ ಪೆಟ್ಟಿಗೆ ಮತ್ತೆ ಹೊಳೆಗೆ ಇಳಿಯಲಿಲ್ಲ. ಇಳಿದರೂ ಆಟ ಆಡಲಿಕ್ಕೆ ಇಳಿಯಿತು.

ಅಜ್ಜನವರು ಕತೆ ನಿಲ್ಲಿಸಿದರು.

ಚರಂತಯ್ಯನ ಮುಖ ತಿಳಿಯಾಗಿತ್ತು. ಪ್ರವಚನ ಬಿಡುವ ಮಾತು ಅವನಿಗೆ ಮರೆತೇ ಹೋಗಿತ್ತು. "ತಿಳೀತ್ರಿ ಅಜ್ಜಾರ. ನಾಳೆ ಬೆಳಿಗ್ಗೇನ ಊರಾಗ ಹೋಗಿ, ಬಾರದವರ ಮನಿ ಮನಿ ಕೇಳ್ತೀನಿ" ಎಂದು ಎದ್ದು ನಿಂತ.

"ಹೋಗುವಿಯಂತ. ಊರು ಆಮ್ಯಾಲಪಾ, ತಮ್ಮಾ. ನೀ ಪ್ರವಚನ ಹೇಳೂ ಹೊತ್ತಿಗೆ ಆ ಬಾಗಲದ ಹಿಂದ ರೊಟ್ಟಿ ಬಡಿಯವರು ಯಾರು?"

ಚರಂತಯ್ಯ ತಾನೇ ಹಾಕಿಸಿದ ಬಾಗಿಲನ್ನು ನೋಡಿದ. ಹೋಗಿ ಅದನ್ನು ತೆರೆದ.