ಬೂಷ್ಟಿಗೆ ಬಾಣಂತನ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಬಂದವನಿಗೆ ಗುರುಗಳು ಗಾಜಿನ ತಟ್ಟೆಯಲ್ಲಿ ಬೂಷ್ಟಿನ ಬೀಜಕಣಗಳನ್ನು ಬಿತ್ತಿ ಕೊಡುವರು. ಬೂಷ್ಟಿನ ಎಳೆ ತಟ್ಟೆಯ ಅಂಚು ಮುಟ್ಟಿದರೆ ಅವನು ಶಿಷ್ಯ. ಇಲ್ಲವಾದರೆ ಊರಿನ ದಾರಿ.

ಜೊತೆಗೆ ಬಂದವರ ತಟ್ಟೆಗಳು ಆಗಲೇ ಬೆಳ್ಳಗಾಗಿದ್ದವು. ಇಂದುಧರನದು ಮಾತ್ರ ಖಾಲಿ.

ಅವನಿಗೆ ಊಟ ಸೇರಲಿಲ್ಲ. ಗಳಿಗೆಗೊಮ್ಮೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಅದಕ್ಕೆ ಬಟ್ಟೆ ಸುತ್ತಿ, ಅಡುಗೆಮನೆಯ ಒಲೆಯ ಪಕ್ಕದಲ್ಲಿಟ್ಟು, ತಾನೂ ಅಲ್ಲೇ ಕೂತ.

ಅಡುಗೆಯ ಪಾರೋತಕ್ಕ ನಕ್ಕಳು. "ಬೂಷ್ಟಿಗೂ ಬಾಣಂತನವೇನಪ್ಪಾ?"

"ಬೆಚ್ಚಗಿದ್ರೆ ಬೇಗ ಬೆಳೀತದಕ್ಕಾ."

ಮರುದಿನ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಬೀಜಕಣಗಳೆಲ್ಲ ಉಬ್ಬಿ ಗುಂಡಗಾಗಿದ್ದವು. ಒಂದಕ್ಕೂ ಎಳೆಯಿಲ್ಲ.

ಗುರುಗಳ ಬಳಿ ಓಡಿದ. "ಕೊಂದುಬಿಟ್ಟೆ, ಗುರುಗಳೇ."

ಗುರುಗಳು ಕಣ್ಣಿಟ್ಟು ನೋಡಿದರು. "ಸತ್ತಿಲ್ಲ. ಚೆನ್ನಾಗಿ ಉಂಡಿವೆ."

"ಮತ್ತೆ ಎಳೆ?"

"ಎಳೆ ಬರಬೇಕಾದರೆ ಬೀಜಕಣ ಒಂದು ಕಡೆಯನ್ನು ಆರಿಸಿಕೊಂಡು ಅಲ್ಲಿಂದಲೇ ಚಾಚುತ್ತ ಹೋಗಬೇಕು. ಆ ಕಡೆಯನ್ನು ಬಿಡದೆ ಹಿಡಿಯಲು ಬೇಕಾದ ಜೀನ್ ಈ ತಳಿಯಲ್ಲಿ ತುಸು ಸೊಟ್ಟ. ತಂಪಿನಲ್ಲಿ ನಿಧಾನವಾಗಿಯಾದರೂ ಕೆಲಸ ಮಾಡುತ್ತದೆ. ಕಾವೇರಿದರೆ ಕೈಚೆಲ್ಲುತ್ತದೆ. ಆಗ ಬೀಜಕಣ ಎಲ್ಲ ಕಡೆಗೂ ಬೆಳೆಯುತ್ತದೆ. ಎಲ್ಲಿಗೂ ಹೋಗುವುದಿಲ್ಲ."

"ಎಲ್ಲರಿಗೂ ಒಳ್ಳೆಯ ತಳಿ ಕೊಟ್ಟು ನನಗೆ ಮಾತ್ರ ಇಂಥದ್ದೇಕೆ?"

ಗುರುಗಳು ತಟ್ಟೆಯನ್ನು ಒಯ್ದು ನೀರಿನ ಹರವಿಯ ಕೆಳಗೆ, ಒದ್ದೆ ಮರಳಿನ ಮೇಲಿಟ್ಟರು.

ಇಂದುಧರ ಮತ್ತೆ ಅಡುಗೆಮನೆಗೆ ಹೋಗಿ ಕೂತ. ಊರಿಗೆ ಹೋಗಲೇ? ಅಪ್ಪನಿಗೆ ಏನು ಹೇಳಲಿ? ಬೇರೆ ಗುರುವನ್ನು ಹುಡುಕಲೇ? ಇವರ ಕಾಲು ಹಿಡಿಯಲೇ? ಬಟ್ಟೆಗಂಟು ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ.

"ಅದನ್ನಾದರೂ ಒಂದು ಕಡೆ ಇಡಪ್ಪಾ," ಅಂದಳು ಪಾರೋತಕ್ಕ. "ಸಾರಿಗೆ ಬಿದ್ದೀತು."

ಮಾರನೆಯ ಮಧ್ಯಾಹ್ನ ಗುರುಗಳು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

"ಎಳೆ ಒಡೆದಿದೆ."

"ಒಡೆದಿದೆಯೇ! ಅಂಚು ಮುಟ್ಟುತ್ತದೆಯೇ? ಯಾವಾಗ? ನಡುವೆಯೇ ನಿಂತರೆ? ಗಂಟು ಕಟ್ಟಿಯೇ ಇಟ್ಟಿರಲೇ?"

ಗುರುಗಳು ಅವನನ್ನೇ ನೋಡಿದರು. ಒಲೆಯ ಝಳಕ್ಕೆ ಅವನ ಮುಖ ಕೆಂಪೇರಿತ್ತು. ಗಂಟು ತೊಡೆಯ ಮೇಲಿತ್ತು.

ಅವನ ದನಿ ಇಳಿಯಿತು. "ಗುರುಗಳೇ, ಆ ಜೀನ್ ನನ್ನಲ್ಲೂ ಸೊಟ್ಟವೇ?"

"ಗೊತ್ತಿಲ್ಲ. ಮೊದಲು ಒಲೆಯ ಮುಂದಿನಿಂದ ಎದ್ದು ಬಾ."